ಎಂಬತ್ತೆಂಟು ವರ್ಷ ಕಾದ ಸನ್ನದು

ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣವು 1817ರಲ್ಲಿ ಅಚ್ಚಾದುದು ಕನ್ನಡನಾಡಿನಲ್ಲಲ್ಲ, ಬಂಗಾಳದ ಹೂಗ್ಲಿ ನದಿಯ ಪಶ್ಚಿಮ ದಡದ ಶ್ರೀರಾಮಪುರದಲ್ಲಿ. ನಮ್ಮ ಅಭ್ಯಾಸಿಗಳು ಈ ಊರಿನ ಹೆಸರನ್ನು ಆ ಪುಸ್ತಕದ ಮೊದಲ ಪುಟದಲ್ಲಿ ಕಂಡು ಮುಂದೆ ಸಾಗುವುದೇ ಹೆಚ್ಚು. ಮರುವರ್ಷವೇ ಅಲ್ಲಿ ಹುಟ್ಟಿದ ಕಾಲೇಜು ಭಾರತದಲ್ಲಿ ಪದವಿ ನೀಡುವ ಅಧಿಕಾರ ಪಡೆದ ಮೊದಲ ಆಧುನಿಕ ವಿದ್ಯಾಸಂಸ್ಥೆಯಾಯಿತು. ಅಂಥ ಅಧಿಕಾರ ಎಂಬತ್ತೆಂಟು ವರ್ಷ ಬಳಕೆಯಾಗದೆ ಉಳಿದುದು ಅದರ ಚರಿತ್ರೆಯ ವಿಚಿತ್ರ ಅಧ್ಯಾಯ.

ಈಸ್ಟ್ ಇಂಡಿಯಾ ಕಂಪನಿಗೆ ಆಗ ಮಿಷನರಿಗಳೆಂದರೆ ಒಲ್ಲದ ಅತಿಥಿಗಳು. ಕಲ್ಕತ್ತೆಯ ಬಳಿಯೇ ಇದ್ದರೂ ಶ್ರೀರಾಮಪುರವು ಡೆನ್ಮಾರ್ಕಿನ ವಸಾಹತಾಗಿತ್ತು. ಅಲ್ಲಿನ ಗವರ್ನರ್ ಓಲೆ ಬೀ ಅವರಿಗೆ ಆಶ್ರಯ ಕೊಟ್ಟನು. 1800ರಲ್ಲಿ ಕೇರಿಯು ಜೋಷುವಾ ಮಾರ್ಷ್‌ಮನ್ ಮತ್ತು ವಿಲಿಯಂ ವಾರ್ಡರೊಡನೆ ಅಲ್ಲಿ ನೆಲಸಿದನು. ಕೇರಿ ಒಂದು ಕಾಲದ ಚಮ್ಮಾರ, ಮಾರ್ಷ್‌ಮನ್ ಶಾಲಾ ಉಪಾಧ್ಯಾಯ, ವಾರ್ಡ್ ಮುದ್ರಣಕಾರ. ವಿಶ್ವವಿದ್ಯಾಲಯದ ಪದವಿಯ ಬಲದಿಂದ ಬಂದವರು ಇವರಲ್ಲಿ ಯಾರೂ ಇರಲಿಲ್ಲ.

1818ರ ಅವರ ಯೋಜನೆಯಲ್ಲಿ ನನಗೆ ಮುಖ್ಯವಾಗಿ ತೋರುವುದು ಭಾಷೆಯ ವಿಚಾರ. ಪೂರ್ವದೇಶದ ಸಾಹಿತ್ಯ, ಪಶ್ಚಿಮದ ವಿಜ್ಞಾನ ಎರಡನ್ನೂ ಒಂದೇ ಸೂರಿನಡಿ ಕಲಿಸಬೇಕು; ಸಂಸ್ಕೃತಕ್ಕೆ ದೊಡ್ಡ ಸ್ಥಾನವಿರಬೇಕು; ಹೊಸ ಜ್ಞಾನವು ಜನರ ನುಡಿಯ ಮೂಲಕ ಹರಡಬೇಕು ಎಂಬುದು ಅವರ ಆಶಯ. ಮತಪ್ರಚಾರದ ಉದ್ದೇಶವನ್ನು ಅವರು ಬಚ್ಚಿಡಲಿಲ್ಲ. ಆದರೂ ಬಾಗಿಲು ಕ್ರೈಸ್ತರಿಗಷ್ಟೇ ತೆರೆದಿರಲಿಲ್ಲ: ಮೊದಲ 37 ವಿದ್ಯಾರ್ಥಿಗಳಲ್ಲಿ 19 ಮಂದಿ ಮಾತ್ರ ಕ್ರೈಸ್ತರು. ಪ್ರವೇಶಕ್ಕೆ ಜಾತಿ, ಬಣ್ಣ, ದೇಶಗಳು ಅಡ್ಡಿಯಾಗಕೂಡದೆಂಬ ಮಾತು 1833ರ ನಿಬಂಧನೆಗಳಲ್ಲಿಯೂ ಸೇರಿತು.

1827ರಲ್ಲಿ ಡೆನ್ಮಾರ್ಕಿನ ದೊರೆ ಆರನೆಯ ಫ್ರೆಡರಿಕನು ರಾಜಸನ್ನದನ್ನು ಕೊಟ್ಟನು. ಅದೇ ವರ್ಷ ಶ್ರೀರಾಮಪುರದವರು ಇಂಗ್ಲೆಂಡಿನ ತಮ್ಮ ಬ್ಯಾಪ್ಟಿಸ್ಟ್ ಮಿಷನರಿ ಸಂಘದಿಂದ ಬೇರ್ಪಟ್ಟರು. ಕೆಲವೇ ವರ್ಷಗಳಲ್ಲಿ ಕಲ್ಕತ್ತೆಯ ವಾಣಿಜ್ಯ ಸಂಸ್ಥೆಗಳು ಒಂದರ ಹಿಂದೊಂದು ದಿವಾಳಿಯೆದ್ದು, ಮಿಷನ್ನಿನ ಹಣವೂ ಅವುಗಳೊಡನೆ ಮುಳುಗಿತು. ವಾರ್ಡ್ 1823ರಲ್ಲಿಯೇ ತೀರಿಕೊಂಡಿದ್ದನು. 1834ರಲ್ಲಿ ಕೇರಿ, 1837ರಲ್ಲಿ ಮಾರ್ಷ್‌ಮನ್. ಅಧಿಕಾರವಿತ್ತು, ಅದನ್ನು ಚಲಾಯಿಸುವ ಶಕ್ತಿ ಉಳಿದಿರಲಿಲ್ಲ.

1845ರಲ್ಲಿ ಡೇನರು ಊರನ್ನು ಇಂಗ್ಲಿಷರಿಗೆ ಮಾರಿದರು. ಕಾಲೇಜಿನ ಹಕ್ಕುಗಳನ್ನು ಒಪ್ಪಂದದಲ್ಲಿಯೇ ಕಾಯ್ದಿಟ್ಟುದು ದೂರದೃಷ್ಟಿಯ ಕೆಲಸ. ಆದರೆ 1857ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ, ಅದಕ್ಕಿಂತ ಮೂವತ್ತು ವರ್ಷ ಹಿರಿದಾದ ಸನ್ನದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡೇ ಶ್ರೀರಾಮಪುರವು ಅದರ ಅಂಗಸಂಸ್ಥೆಯಾಯಿತು. 1883ರಲ್ಲಿ ಸಾಮಾನ್ಯ ಶಿಕ್ಷಣದ ಕಾಲೇಜು ತರಗತಿಗಳೂ ನಿಂತುವು.

ಮತ್ತೆ ಚೇತರಿಕೆ ಬಂದುದು ಪ್ರಾಂಶುಪಾಲ ಜಾರ್ಜ್ ಹೊವೆಲ್ಸ್‌ನ ಕಾಲದಲ್ಲಿ. ಕೇವಲ ಬ್ಯಾಪ್ಟಿಸ್ಟರಿಗಲ್ಲದೆ ಭಾರತದ ಎಲ್ಲ ಪ್ರಾಟೆಸ್ಟಂಟ್ ಸಭೆಗಳಿಗೂ ಈ ಸನ್ನದು ಒದಗಬೇಕೆಂದು ಅವನು ದುಡಿದನು. 1911ರಲ್ಲಿ ಕಲಾ ವಿಭಾಗವು ಕಲ್ಕತ್ತೆಗೆ ಪುನಃ ಸಂಯೋಜಿತವಾಯಿತು. 1915ರಲ್ಲಿ ಬಿ.ಡಿ., ಎಂದರೆ ಬ್ಯಾಚುಲರ್ ಆಫ್ ಡಿವಿನಿಟಿ, ಪದವಿಗಳನ್ನು ಮೊದಲ ಬಾರಿಗೆ ಪ್ರದಾನ ಮಾಡಲಾಯಿತು. 1918ರ ಬಂಗಾಳದ ಶಾಸನವು ಸೆನೆಟನ್ನು ರೂಪಿಸಿ, ಇತರ ಕಾಲೇಜುಗಳನ್ನೂ ಸೇರಿಸಿಕೊಳ್ಳಲು ದಾರಿ ಮಾಡಿತು.

ಇಂದು ಐವತ್ತಕ್ಕೂ ಹೆಚ್ಚು ದೈವಶಾಸ್ತ್ರ ಕಾಲೇಜುಗಳು ಆ ಸೆನೆಟಿನ ಅಡಿಯಲ್ಲಿವೆ. 1910ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಅವುಗಳಲ್ಲೊಂದು. ಅದರ ಆರಂಭಕಾಲದ ಪ್ರಾಂಶುಪಾಲ ಎಲ್.ಪಿ. ಲಾರ್ಸನ್ ಕೂಡ ಡೆನ್ಮಾರ್ಕಿನವನೇ ಎಂಬುದು ಆಕಸ್ಮಿಕವಾದರೂ ಹಿತವಾದ ಸಂಗತಿ. 1847ರ ಬಾಸೆಲ್ ಮಿಷನ್ ಸೆಮಿನರಿಯ ಪರಂಪರೆಯ ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜೂ ಇದೇ ಬಳಗದ್ದು. ಬಿ.ಡಿ. ವ್ಯಾಸಂಗದಲ್ಲಿ ಬೈಬಲ್, ಸಭೆಯ ಇತಿಹಾಸಗಳ ಜೊತೆಗೆ ಇತರ ಧರ್ಮಗಳೂ ಭಾರತೀಯ ಸಮಾಜವೂ ಪಾಠವಾಗುತ್ತವೆ. ಮುಂದೆ ಸ್ನಾತಕೋತ್ತರ, ಡಾಕ್ಟರೇಟ್ ಹಂತಗಳಿವೆ. ಉದ್ಯೋಗದಲ್ಲಿರುವವರಿಗಾಗಿ ಮನೆಯಲ್ಲಿಯೇ ಓದಿ ಬರೆಯುವ ಕ್ರಿಶ್ಚಿಯನ್ ಸ್ಟಡೀಸ್ ಪರೀಕ್ಷೆಗಳೂ ಉಂಟು.

ಶ್ರೀರಾಮಪುರದ ಕಾಲೇಜಿನಲ್ಲಿ ಈಗಲೂ ಎರಡು ಬಗೆಯ ವಿದ್ಯಾರ್ಥಿಗಳಿದ್ದಾರೆ. ವಿಜ್ಞಾನ, ವಾಣಿಜ್ಯ, ಸಾಹಿತ್ಯ ಓದಿದವರಿಗೆ ಕಲ್ಕತ್ತಾ ವಿಶ್ವವಿದ್ಯಾಲಯದ ಪದವಿ. ದೈವಶಾಸ್ತ್ರ ಓದಿದವರಿಗೆ ಡೇನಿಷ್ ದೊರೆಯ ಸನ್ನದಿನ ಪದವಿ. ಒಂದೇ ಸೂರಿನಡಿ ಇವೆಲ್ಲವೂ ಒಂದಾಗಬೇಕೆಂದು ಬಯಸಿದ ಮೂವರ ಸಮಾಧಿಗಳು ಅದೇ ಊರಿನಲ್ಲಿವೆ.