ಅನಾಹುತದಿಂದ ಹುಟ್ಟಿದ ಚಿಕಿತ್ಸೆ

ಕಳೆದ ವರ್ಷ ನನ್ನ ತಮ್ಮನ ಎದೆಬಡಿತ ತಾಳ ತಪ್ಪಿತು. ತೊಡೆಯ ರಕ್ತನಾಳದಿಂದ ಕ್ಯಾಥೆಟರ್ ಎಂಬ ಸಣ್ಣ ನಳಿಕೆಯನ್ನು ಹೃದಯದವರೆಗೆ ಹಾಯಿಸಿ, ಬಡಿತವನ್ನು ಕೆಡಿಸುವ ಜಾಗವನ್ನು ಸುಡುವುದೆಂದು ನಿಶ್ಚಯವಾಯಿತು. ಅಪರೂಪಕ್ಕೊಮ್ಮೆ ಹೃದಯದ ಗೋಡೆ ತೂತಾಗಬಹುದೆಂದು ಒಪ್ಪಿಗೆಯ ಕಾಗದದಲ್ಲಿ ಒಂದು ಸಾಲಿತ್ತು. ಸಾಕ್ಷಿಯಾಗಿ ರುಜು ಹಾಕಿದವನು ನಾನು. ಆ ಅಪರೂಪವು ಅವನಿಗೇ ಒದಗಿತು. ವೈದ್ಯರ ಚುರುಕಿನಿಂದ ಬದುಕಿ ಮನೆಗೆ ಬಂದ. ಶಬ್ದಗಳ ಮೂಲವನ್ನು ಕೆದಕುವ ಮೇಷ್ಟರಿಗೆ ಆ ಒಂದು ಸಾಲಿನ ಮೂಲವನ್ನು ಕೆದಕದೆ ನಿದ್ರೆ ಬರಲಿಲ್ಲ.

ಕೆದಕಿದಾಗ ತಿಳಿದದ್ದು, ಈ ಚಿಕಿತ್ಸೆಯೇ ಒಂದು ಅನಾಹುತದ ಕೂಸೆಂಬುದು. ಫ್ರಾನ್ಸಿನಲ್ಲಿ ರೋಗಿಯೊಬ್ಬನ ಹೃದಯದೊಳಗೆ ಕ್ಯಾಥೆಟರನ್ನಿಟ್ಟು ಪರೀಕ್ಷಿಸುತ್ತಿದ್ದಾಗ ಬಡಿತ ಕೆಟ್ಟಿತು. ಉಳಿಸಲೆಂದು ಎದೆಯ ಮೇಲಿಂದ ವಿದ್ಯುತ್ತಿನ ಆಘಾತ ಕೊಟ್ಟರು. ಅದು ಕ್ಯಾಥೆಟರಿನ ಗುಂಟ ಒಳಗಿಳಿದು, ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ಬಡಿತದ ಸಂದೇಶವನ್ನೊಯ್ಯುವ ನಾರಿನ ಕಟ್ಟನ್ನೇ ಸುಟ್ಟುಬಿಟ್ಟಿತು. ಸಂಬಂಧ ಶಾಶ್ವತವಾಗಿ ಕಡಿಯಿತು. ವೆಡೆಲ್, ಫೊಂತೇನ್ ಮೊದಲಾದ ವೈದ್ಯರು ಇದನ್ನು ಮುಚ್ಚಿಡಲಿಲ್ಲ. ೧೯೭೯ರಲ್ಲಿ ಬರೆದು ಪ್ರಕಟಿಸಿದರು. ನನ್ನ ಮಟ್ಟಿಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಾಹಸ ಇದೇ. ಔಷಧಕ್ಕೆ ಜಗ್ಗದ ಓಟವನ್ನು ತಡೆಯಲು ಆ ಕಟ್ಟನ್ನು ಕಡಿಯಬೇಕಾದರೆ ಅದುವರೆಗೆ ಎದೆಯನ್ನೇ ಸೀಳಬೇಕಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಷೈನ್‌ಮನ್ ೧೯೮೧ರಲ್ಲಿ ಅದೇ ಕೆಲಸವನ್ನು ಬೇಕೆಂದೇ ಕ್ಯಾಥೆಟರಿನಿಂದ ಮಾಡಿದರು. ಆದರೆ ಆ ಆಘಾತವೆಂದರೆ ಹೃದಯದೊಳಗೆ ಪಟಾಕಿ ಸಿಡಿಸಿದಂತೆ. ತೆಳು ಗೋಡೆಗಳು ಹರಿದದ್ದೂ ಉಂಟು. ಎಂಬತ್ತರ ದಶಕದ ಕೊನೆಗೆ ರೇಡಿಯೋ ತರಂಗದ ಹದವಾದ ಕಾವು ಬಂದು ಭಯ ತಗ್ಗಿತು. ಹೋಗಲಿಲ್ಲ.

ಗೋಡೆ ತೂತಾದರೆ, ಹೃದಯವನ್ನು ಸುತ್ತಿದ ಚೀಲದಲ್ಲಿ ರಕ್ತ ತುಂಬುತ್ತದೆ. ಚೀಲ ಹಿಗ್ಗುವುದಿಲ್ಲ, ಹೃದಯಕ್ಕೇ ಅರಳಲು ಎಡೆಯಿಲ್ಲದಾಗುತ್ತದೆ. ರಕ್ತದೊತ್ತಡ ಕುಸಿಯುತ್ತದೆ, ಕತ್ತಿನ ಸಿರೆಗಳು ಉಬ್ಬುತ್ತವೆ, ಎದೆಯ ಸದ್ದು ಮಂದವಾಗುತ್ತದೆ. ಈ ಮೂರು ಲಕ್ಷಣಗಳನ್ನು ಅಮೆರಿಕದ ಕ್ಲಾಡ್ ಬೆಕ್ ೧೯೩೫ರಲ್ಲೇ ಕೂಡಿಸಿ ಹೇಳಿದ್ದರು. ಈಗ ಅಲ್ಟ್ರಾಸೌಂಡ್ ಕ್ಷಣದಲ್ಲಿ ತೋರಿಸುತ್ತದೆ. ಪರಿಹಾರ ಮಾತ್ರ ಹಳೆಯದು: ಎದೆಮೂಳೆಯ ಕೆಳಗಿನಿಂದ ಸೂಜಿ ತೂರಿಸಿ ರಕ್ತವನ್ನು ಸೆಳೆಯುವುದು. ವಿಯೆನ್ನಾದ ಫ್ರಾಂಟ್ಸ್ ಶೂ ೧೮೪೦ರಲ್ಲಿಯೇ ಈ ಚೀಲಕ್ಕೆ ಸಲಾಕೆ ಚುಚ್ಚಿ ನೀರು ತೆಗೆದಿದ್ದರು. ಸ್ವಲ್ಪವೇ ಸೆಳೆದರೂ ಒತ್ತಡ ಸರಕ್ಕನೆ ಇಳಿದು ಹೃದಯ ಉಸಿರಾಡುತ್ತದೆ. ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟ ಹೆಪಾರಿನ್ನಿಗೆ ಪ್ರತಿಯಾಗಿ ಪ್ರೋಟಮೀನ್ ಕೊಡುತ್ತಾರೆ. ಅದು ಮೀನಿನ ವೀರ್ಯದಿಂದ ಬಂದ ವಸ್ತುವೆಂದು ತಿಳಿದು ನಮ್ಮ ಮಡಿಯ ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಇಷ್ಟಕ್ಕೂ ರಕ್ತ ನಿಲ್ಲದಿದ್ದರೆ ಎದೆ ತೆರೆಯಲೇಬೇಕು.

ತಮ್ಮನಿಗೆ ಅಷ್ಟು ದೂರ ಹೋಗಲಿಲ್ಲ. ಸೂಜಿಯಿಂದ ಸೆಳೆದ ರಕ್ತವನ್ನೇ ತೊಡೆಯ ಸಿರೆಗೆ ಮರಳಿ ಬಿಟ್ಟರಂತೆ.