ಏಳು ಮಿಲಿಮೀಟರ್ ಮೌಸರ್: ಒಂದು ತೋಟಾದ ಚರಿತ್ರೆ

ಸಂಪಾದಕರು ಎಂದಿನಂತೆ "ಆರೋಗ್ಯದ ಬಗ್ಗೆ ಏನಾದರೂ ಬರೆದುಕೊಡಿ ಡಾಕ್ಟ್ರೇ" ಎಂದು ಕೇಳಿದ್ದರು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಎಂದು ಬರೆದು ಬರೆದು ನನಗೆ ಸಾಕಾಗಿದೆ. ಓದಿ ನಿಮಗೂ ಸಾಕಾಗಿರಬೇಕು. ಅದಕ್ಕೇ ಈ ಸಲ ಬೇಟೆಯ ತೋಟಾ ಒಂದರ ಚರಿತ್ರೆ. ಸಂಘದ ಸಸ್ಯಾಹಾರಿ ಬಂಧುಗಳು, ಅವರಲ್ಲಿ ಮೊದಲನೆಯವಳಾದ ನನ್ನ ಮನೆಯಾಕೆ, ದಯವಿಟ್ಟು ಕ್ಷಮಿಸಬೇಕು.

ಇಲ್ಲಿ ಮಿಷಿಗನ್ನಿನಲ್ಲಿ ನವೆಂಬರ್ 15 ಬಂತೆಂದರೆ ನನ್ನ ಪೇಷೆಂಟುಗಳಲ್ಲಿ ಅರ್ಧದಷ್ಟು ಜನ ಜಿಂಕೆ ಬೇಟೆಗೆ ಕಾಡು ಸೇರುತ್ತಾರೆ. ಅವರಲ್ಲೊಬ್ಬರು ಎಪ್ಪತ್ತರ ಆಸುಪಾಸಿನ ನಿವೃತ್ತ ಬಡಗಿ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಜೀವಮಾನವಿಡೀ ಕೂಡಿಟ್ಟ ಹಣದಲ್ಲಿ ನಮೀಬಿಯಾಕ್ಕೆ ಹೋಗಿ ಕೂಡೂ ಎಂಬ ದೊಡ್ಡ ಕೊಂಬಿನ ಪ್ರಾಣಿಯನ್ನು ಬೇಟೆಯಾಡುವುದು ಅವರ ಆಸೆ. ಹೃದಯ ತಡೆದೀತೇ ಎಂದು ಕೇಳಲು ಬಂದಿದ್ದರು. ತಮ್ಮ ತಂದೆಯ ಹಳೆಯ ರೈಫಲ್ಲನ್ನೇ ಒಯ್ಯುತ್ತೇನೆಂದು ಹೇಳಿ, ಜೇಬಿನಿಂದ ಖಾಲಿ ಹಿತ್ತಾಳೆ ಕೊಳವೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ನನ್ನ ಕಿರುಬೆರಳಿಗಿಂತ ಸ್ವಲ್ಪ ಉದ್ದ, ಅಷ್ಟೆ. ಒಳ್ಳೆಯ ಕುದುರೆಯಷ್ಟು ಎತ್ತರ ನಿಲ್ಲುವ ಪ್ರಾಣಿಗೆ ಇದೇ? ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. "ಇದರ ಚರಿತ್ರೆ ಓದಿ ಡಾಕ್ಟರ್" ಎಂದರು. ಓದಿದೆ.

ಮಲೆನಾಡಿನ ನಮ್ಮ ಅಜ್ಜನ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ಮೂತಿಯಿಂದ ಮದ್ದು ತುಂಬಿ, ಗಜದಿಂದ ಜಡಿದು, ಈಡು ಹೊಡೆದರೆ ಅಂಗಳವೆಲ್ಲ ಹೊಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆಫ್ರಿಕಾಕ್ಕೆ ಹೋದ ಬಿಳಿಯ ಬೇಟೆಗಾರರ ಕೋವಿಗಳೂ ಮೂಲದಲ್ಲಿ ಇದೇ ಜಾತಿ, ಗಾತ್ರ ಮಾತ್ರ ರಾಕ್ಷಸ. ನಾಲ್ಕು ಬೋರ್ ಎಂಬುದರಲ್ಲಿ ನಾಲ್ಕು ಗುಂಡು ಸೇರಿದರೆ ಒಂದು ಪೌಂಡು ತೂಕ. 1871ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಬಂದಿಳಿದ ಫ್ರೆಡರಿಕ್ ಸೆಲೂಸ್ ಮೊದಲು ಹಿಡಿದದ್ದು ಇಂಥ ಕೋವಿಗಳನ್ನೇ. ಅವುಗಳ ಒದೆತಕ್ಕೆ ತನ್ನ ನರಗಳೇ ಕೆಟ್ಟುಹೋಗಿ ಗುರಿ ಹಾಳಾಯಿತೆಂದು ಆತ ಮುಂದೆ ಬರೆದುಕೊಂಡ. ಭುಜಕ್ಕೆ ಒದೆ ಬೀಳುತ್ತದೆಂದು ಗೊತ್ತಿರುವವನು ಕುದುರೆ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಾನೆ. ಇಂಜೆಕ್ಷನ್ನಿಗೆ ತೋಳು ಕೊಟ್ಟ ಮಕ್ಕಳಲ್ಲಿ ಇದನ್ನು ದಿನವೂ ನೋಡುತ್ತೇನೆ.

ಇದನ್ನೆಲ್ಲ ಬದಲಿಸಿದ್ದು ಹೊಗೆಯಿಲ್ಲದ ಮದ್ದು. ಅದನ್ನು ಬಳಸಿ ಜರ್ಮನಿಯ ಓಬರ್ನ್‌ಡಾರ್ಫ್ ಊರಿನ ಪೌಲ್ ಮೌಸರ್ 1892ರ ಸುಮಾರಿಗೆ ರೂಪಿಸಿದ ತೋಟಾವೇ 7×57. ಏಳು ಎಂಬುದು ಮಿಲಿಮೀಟರಿನಲ್ಲಿ ನಳಿಗೆಯ ಅಳತೆ, ಐವತ್ತೇಳು ಹಿತ್ತಾಳೆ ಕೊಳವೆಯ ಉದ್ದ. ಗುಂಡಿನ ತೂಕ 11.2 ಗ್ರಾಂ, ಮೂತಿ ದುಂಡಗೆ, ವೇಗ ಸೆಕೆಂಡಿಗೆ ಸುಮಾರು 700 ಮೀಟರ್. ಗುಂಡು ಸಣ್ಣದಾದರೂ ಅದರ ಗುಟ್ಟೆಲ್ಲ ಉದ್ದದಲ್ಲಿದೆ. ಅದೇ ತೂಕದ ಲೋಹವನ್ನು ಗೋಲಿಯಂತೆ ಉರುಟಾಗಿಸಿದರೆ ಸ್ವಲ್ಪ ದೂರ ಹೊಕ್ಕು ನಿಲ್ಲುತ್ತದೆ; ಸಲಾಕೆಯಂತೆ ಉದ್ದವಾಗಿಸಿ ಬುಗುರಿಯಂತೆ ತಿರುಗಿಸಿ ಬಿಟ್ಟರೆ ಸ್ನಾಯು, ಮೂಳೆ ಎಲ್ಲವನ್ನೂ ದಾಟಿ ನೆಟ್ಟಗೆ ಹೋಗುತ್ತದೆ. ಒದೆತವೂ ಕಡಿಮೆ.

ಸ್ಪೇನ್ ದೇಶ 1893ರಲ್ಲಿ ಇದನ್ನು ತನ್ನ ಸೈನ್ಯಕ್ಕೆ ತೆಗೆದುಕೊಂಡಿತು. ಅದರ ರುಚಿ ನೋಡಿದವರು ನಾವೀಗ ನೆಲೆಸಿರುವ ಈ ದೇಶದವರೇ. 1898ರ ಜುಲೈ 1ರಂದು ಕ್ಯೂಬಾದ ಸಾನ್ ಹ್ವಾನ್ ಗುಡ್ಡ ಮತ್ತು ಎಲ್ ಕಾನೇ ಎಂಬಲ್ಲಿ, ಎಣಿಕೆಯಲ್ಲಿ ತೀರಾ ಕಡಿಮೆಯಿದ್ದ ಸ್ಪೇನಿನವರು ಸಾವಿರಕ್ಕೂ ಹೆಚ್ಚು ಅಮೆರಿಕನ್ನರನ್ನು ಕೊಂದರು ಇಲ್ಲವೆ ಗಾಯಗೊಳಿಸಿದರು. ಕೆಲವು ಅಮೆರಿಕನ್ ಸ್ವಯಂಸೇವಕ ದಳಗಳ ಕೈಯಲ್ಲಿ ಇನ್ನೂ ಹೊಗೆಯುಗುಳುವ ಹಳೆಯ ರೈಫಲ್ಲುಗಳಿದ್ದವು. ಹೊಗೆ ಎದ್ದ ಕಡೆಗೇ ಗುಂಡು ಬರುತ್ತಿತ್ತು. ಗುಡ್ಡವೇನೋ ಗೆದ್ದರು. ಆದರೆ ಪಾಠ ಕಲಿತ ಅಮೆರಿಕ 1903ರ ತನ್ನ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿಗೆ ಮೌಸರನ ವಿನ್ಯಾಸವನ್ನು ಎಷ್ಟು ಹತ್ತಿರದಿಂದ ಅನುಸರಿಸಿತೆಂದರೆ ಕೊನೆಗೆ ಅವನಿಗೆ ರಾಯಲ್ಟಿ ಕೊಡಬೇಕಾಯಿತು. ಆ ಗುಡ್ಡ ಹತ್ತಿದವರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಕೂಡ ಒಬ್ಬ. ಅಧ್ಯಕ್ಷಗಿರಿ ಮುಗಿಸಿ 1909ರಲ್ಲಿ ಮೊಂಬಾಸಾದಲ್ಲಿ ಇಳಿದು, ಆತ ಮತ್ತು ಮಗ ಸೇರಿ 512 ಪ್ರಾಣಿಗಳನ್ನು ಹೊಡೆದರು. ಆತನ ನೆಚ್ಚಿನದು .405 ವಿಂಚೆಸ್ಟರ್. ತೇಜಸ್ವಿಯವರ "ಕಾಡಿನ ಕಥೆಗಳು" ಓದಿದವರಿಗೆ ಒಂದು ಮಾತು: ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಹಿಡಿದು ತಿರುಗುತ್ತಿದ್ದದ್ದೂ ಅದೇ .405.

ಏಳು ಮಿಲಿಮೀಟರ್ ಆಫ್ರಿಕಾ ಸೇರಿದ್ದು ಬೇಟೆಗಾಗಿ ಅಲ್ಲ, ಯುದ್ಧದ ಭಯದಿಂದ. 1895ರ ಕೊನೆಯಲ್ಲಿ ಜೇಮ್ಸನ್ ಎಂಬಾತ (ವೃತ್ತಿಯಿಂದ ಡಾಕ್ಟರ್, ಹೇಳಲು ನಾಚಿಕೆ) ಸಶಸ್ತ್ರ ಪಡೆಯೊಂದಿಗೆ ಬೋಯರ್ ಜನರ ಟ್ರಾನ್ಸ್‌ವಾಲ್ ಮೇಲೆ ದಾಳಿ ಮಾಡಿ ಸಿಕ್ಕಿಬಿದ್ದ. ಬ್ರಿಟಿಷರು ಮತ್ತೆ ಬಂದೇ ಬರುತ್ತಾರೆಂದು ಅರಿತ ಅಧ್ಯಕ್ಷ ಕ್ರೂಗರ್ ಸರಕಾರ ಜರ್ಮನಿಯಿಂದ 30,000ಕ್ಕೂ ಹೆಚ್ಚು ಮೌಸರ್ ರೈಫಲ್ಲುಗಳನ್ನು ತರಿಸಿತು. ಬೋಯರ್ ರೈತರು ಹುಟ್ಟು ಬೇಟೆಗಾರರು. ಆದರೆ ಅವರೂ ಅವರ ಹಿರಿಯರೂ ಹಳೆಯ ಕೋವಿಗಳಿಂದಲೇ ದಕ್ಷಿಣದ ಬಯಲುಗಳನ್ನು ಬಹುಪಾಲು ಬರಿದು ಮಾಡಿದ್ದರು. ಜೀಬ್ರಾದ ದಾಯಾದಿ ಕ್ವಾಗಾ 1883ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮೃಗಾಲಯದಲ್ಲಿ ಕೊನೆಯ ಉಸಿರೆಳೆಯಿತು. ಆ ಪಾಪವನ್ನು ಮೌಸರ್ ತಲೆಗೆ ಕಟ್ಟುವಂತಿಲ್ಲ.

1899ರಲ್ಲಿ ಯುದ್ಧ ಶುರುವಾಯಿತು. ಇಲ್ಲಿಂದ ಮುಂದಿನ ಕಥೆ ನನ್ನಂಥವರ ಕೋಣೆಗೇ ಬರುತ್ತದೆ. ಜಾರ್ಜ್ ಮೇಕಿನ್ಸ್ ಎಂಬ ಲಂಡನ್ನಿನ ಸರ್ಜನ್ ಅಲ್ಲಿ ಸೈನ್ಯದ ಸಲಹೆಗಾರನಾಗಿದ್ದು 1901ರಲ್ಲಿ ತನ್ನ ಅನುಭವಗಳ ಪುಸ್ತಕ ಪ್ರಕಟಿಸಿದ. ಲೋಹದ ಕವಚ ಪೂರ್ತಿ ಹೊದ್ದ ಮೌಸರ್ ಗುಂಡು ಮೃದು ಅಂಗಗಳಲ್ಲಿ ಎಷ್ಟು ಚಿಕ್ಕ, ಚೊಕ್ಕ ಗಾಯ ಮಾಡುತ್ತಿತ್ತೆಂದರೆ ಎದೆಯ ಮೂಲಕ ಗುಂಡು ಹಾದುಹೋದ ಸಿಪಾಯಿಗಳು ಕೆಲವೇ ವಾರಗಳಲ್ಲಿ ಎದ್ದು ಓಡಾಡಿದ್ದುಂಟು. ಜನ ಇದನ್ನು ದಯಾಳು ಗುಂಡು ಎಂದೇ ಕರೆದರು. ಹೊಟ್ಟೆಗೆ ಗುಂಡು ಬಿದ್ದವರನ್ನೂ ಕೊಯ್ಯದೆ ಬಿಡುವುದೇ ಲೇಸು ಎಂಬ ತೀರ್ಮಾನಕ್ಕೆ ಸರ್ಜನ್‌ಗಳು ಬಂದರು. ಆ ನಂಬಿಕೆಯನ್ನೇ ಹಿಡಿದುಕೊಂಡು 1914ರ ಮಹಾಯುದ್ಧಕ್ಕೆ ಹೋಗಿ, 1915ರಲ್ಲಿ ಅದನ್ನು ಕೈಬಿಡುವಷ್ಟರಲ್ಲಿ ಎಷ್ಟು ಜನ ಸತ್ತರೋ. ನಾನು ರೆಸಿಡೆನ್ಸಿಯ ಮೊದಲ ವರ್ಷ ದೊಡ್ಡ ಊರೊಂದರ ಎಮರ್ಜೆನ್ಸಿಯಲ್ಲಿ ರಾತ್ರಿ ಪಾಳಿ ಮಾಡಿದವನು. ಹೊರಗೆ ಬಟಾಣಿಯಷ್ಟು ತೂತು, ಒಳಗೆ ಕರುಳು ಆರು ಕಡೆ ಹರಿದಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಹೊರಗಿನ ತೂತು ನೋಡಿ ಯಾವ ಗುಂಡನ್ನೂ ದಯಾಳು ಎನ್ನಲಾರೆ.

ಆ ಗಾಯಾಳುಗಳನ್ನು ಹೊತ್ತವರಲ್ಲಿ ನಮ್ಮವರೂ ಇದ್ದರು. ನೇಟಾಲಿನಲ್ಲಿ ವಕೀಲಿ ಮಾಡುತ್ತಿದ್ದ ಮೋಹನದಾಸ ಗಾಂಧಿ ಸುಮಾರು 1,100 ಭಾರತೀಯರನ್ನು ಸೇರಿಸಿ ಗಾಯಾಳು ಸಾಗಣೆಯ ದಳ ಕಟ್ಟಿದರು. ಅವರಲ್ಲಿ ಬಹುಪಾಲು ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋಗಿದ್ದ ಕೂಲಿಗಳು. 1900ರ ಜನವರಿಯಲ್ಲಿ ಸ್ಪಿಯಾನ್ ಕಾಪ್ ಬೆಟ್ಟದ ಕದನದ ಹೊತ್ತಿಗೆ ಇವರು ಡೋಲಿಗಳನ್ನು ಹೊತ್ತು ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಮೈಲಿ ನಡೆದರು.

ಇನ್ನೊಂದು ನಂಟೂ ಇದೆ, ಅದು ಅಷ್ಟು ಹೆಮ್ಮೆಯದಲ್ಲ. ಕವಚದ ಗುಂಡು ನುಗ್ಗಿ ಬರುವವನನ್ನು ತಡೆಯುವುದಿಲ್ಲವೆಂದು, ಮೂತಿಯಲ್ಲಿ ಸೀಸವನ್ನು ಬಯಲು ಬಿಟ್ಟು, ಮೈಯೊಳಗೆ ಹೊಕ್ಕೊಡನೆ ಅಣಬೆಯಂತೆ ಅರಳುವ ಗುಂಡನ್ನು ಬ್ರಿಟಿಷರು 1890ರ ದಶಕದಲ್ಲಿ ತಯಾರಿಸಿದ್ದು ಕಲ್ಕತ್ತೆಯ ಪಕ್ಕದ ಡಮ್‌ಡಮ್ ಕಾರ್ಖಾನೆಯಲ್ಲಿ. 1899ರ ಹೇಗ್ ಸಮ್ಮೇಳನ ಅರಳುವ ಗುಂಡನ್ನು ಯುದ್ಧದಲ್ಲಿ ನಿಷೇಧಿಸಿತು. ಬ್ರಿಟನ್ ಆಗ ಒಪ್ಪದೆ 1907ರಲ್ಲಿ ಒಪ್ಪಿತು.

ನಿವೃತ್ತ ಬಡಗಿ ನನಗೆ ತಿಳಿಸಿಕೊಟ್ಟ ಸಂಗತಿ ಇಲ್ಲಿದೆ. ಯುದ್ಧದಲ್ಲಿ ಯಾವುದು ಅಮಾನುಷವೆಂದು ನಿಷಿದ್ಧವೋ ಬೇಟೆಯಲ್ಲಿ ಅದೇ ಧರ್ಮ. ಕೂಡೂವಿಗೆ ಕವಚದ ಗುಂಡು ಹೊಡೆದರೆ ಸಣ್ಣ ತೂತಿನೊಂದಿಗೆ ಮೈಲಿಗಟ್ಟಲೆ ಓಡಿ, ಯಾರಿಗೂ ಸಿಗದೆ, ನರಳಿ ಸಾಯುತ್ತದೆ. ಅರಳುವ ಗುಂಡು ಮುಂಗಾಲಿನ ಮೇಲೆ ಎದೆಗೂಡಿಗೆ ಬಿದ್ದು ಎರಡೂ ಶ್ವಾಸಕೋಶ ಹರಿದರೆ ಕೆಲವೇ ಕ್ಷಣಗಳಲ್ಲಿ ರಕ್ತದೊತ್ತಡ ಕುಸಿದು ಎಚ್ಚರ ತಪ್ಪುತ್ತದೆ. ಸಿಪಾಯಿ ಬದುಕಬೇಕು, ಪ್ರಾಣಿ ಬೇಗ ಸಾಯಬೇಕು. ತೋಟಾ ಅದೇ, ಮದ್ದು ಅದೇ, ತುದಿಯಲ್ಲಿ ಕೂಡಿಸಿದ ಗುಂಡು ಮಾತ್ರ ಬೇರೆ.

ಯುದ್ಧ ಮುಗಿದ ಮೇಲೆ ಲಂಡನ್ನಿನ ರಿಗ್ಬಿ ಕಂಪನಿ ಇದೇ ತೋಟಾಕ್ಕೆ .275 ಎಂಬ ಇಂಗ್ಲಿಷ್ ವೇಷ ತೊಡಿಸಿ 1907ರಲ್ಲಿ ಮಾರಾಟಕ್ಕಿಟ್ಟಿತು. ಅದೇ ವರ್ಷ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದ ಜಿಮ್ ಕಾರ್ಬೆಟ್ಟನಿಗೆ ಸರಕಾರದ ಕಡೆಯಿಂದ ಬಹುಮಾನವಾಗಿ ಸಿಕ್ಕಿದ್ದೂ ಒಂದು .275 ರಿಗ್ಬಿ. ಆಫ್ರಿಕಾದಲ್ಲಿ ಇದಕ್ಕೆ ಹೆಸರು ತಂದವನು ಸ್ಕಾಟ್ಲೆಂಡಿನ ಬೆಲ್. ಆತ ಸಾವಿರಕ್ಕೂ ಹೆಚ್ಚು ಆನೆಗಳನ್ನು, ಬಹುಪಾಲು ಈ ಪುಟ್ಟ ಗುಂಡಿನಿಂದಲೇ, ದಂತಕ್ಕಾಗಿ ಕೊಂದ. ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿಸಿ ಮಿದುಳು ಎಲ್ಲಿದೆಯೆಂದು ಕಲಿತವನು ಆತ. ನಾವು ಅನಾಟಮಿ ಹಾಲಿನಲ್ಲಿ ಮಾಡಿದ ಕೆಲಸವೇ, ಉದ್ದೇಶ ತಿರುಗುಮುರುಗು. ಲೆಕ್ಕ ಓದಿದಾಗ ನನಗೆ ಮೆಚ್ಚುಗೆಗಿಂತ ಹೆಚ್ಚು ಸಂಕಟವಾಯಿತು. ಆತನನ್ನು ಅನುಕರಿಸಲು ಹೋದವರಿಗೆ ಆ ಅನಾಟಮಿಯೂ ಇರಲಿಲ್ಲ, ಆ ಕೈಯೂ ಇರಲಿಲ್ಲ. ಆನೆ, ಕಾಡೆಮ್ಮೆಗಳಿಗೆ .375ಕ್ಕಿಂತ ಚಿಕ್ಕದು ಕೂಡದೆಂದು ಹಲವು ದೇಶಗಳು ಆಮೇಲೆ ಕಾನೂನು ಮಾಡಿದವು.

ಬಯಲಿನ ಪ್ರಾಣಿಗಳಿಗೆ ಮಾತ್ರ ಏಳು ಮಿಲಿಮೀಟರ್ ಉಳಿಯಿತು. ಕೀನ್ಯಾ 1977ರಲ್ಲಿ ಬೇಟೆಯನ್ನೇ ನಿಲ್ಲಿಸಿತು. ನಮೀಬಿಯಾದ ದಾರಿ ಬೇರೆ: ಬೇಲಿ ಹಾಕಿದ ಜಮೀನಿನ ಕಾಡುಪ್ರಾಣಿಗಳ ಹಕ್ಕನ್ನು 1967 ಮತ್ತು 1975ರ ಕಾನೂನುಗಳು ಜಮೀನುದಾರರಿಗೇ ಕೊಟ್ಟವು. ದನಕ್ಕಿಂತ ಕೂಡೂ ಹೆಚ್ಚು ಹಣ ತರುತ್ತದೆಂದು ಗೊತ್ತಾದ ಮೇಲೆ ಅವುಗಳ ಸಂಖ್ಯೆ ಬೆಳೆಯಿತು. 1972ರ ಕಾಯಿದೆಯ ನೆರಳಿನಲ್ಲಿ ಬೆಳೆದ ನನಗೆ ಇದು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ, ಸುಳ್ಳೆನ್ನಲೂ ಆಗುವುದಿಲ್ಲ. ಅಲ್ಲಿ ಕೂಡೂವಿಗೆ ತೋಟಾದ ಶಕ್ತಿ ಕನಿಷ್ಠ 2,700 ಜೂಲ್ ಇರಬೇಕೆಂಬ ನಿಯಮವಿದೆ. ಕಾಗದ ಪೆನ್ಸಿಲ್ ಹಿಡಿದು ಪೌಲ್ ಮೌಸರನ ಹಳೆಯ ಗುಂಡಿನ ಲೆಕ್ಕ ಹಾಕಿದೆ. 2,744 ಬಂತು. ಕಷ್ಟಪಟ್ಟು ಪಾಸು!

ನಮ್ಮ ಬಡಗಿ ಹೋಗಿ ಬಂದರು. ಮುಂದಿನ ಚೆಕಪ್ಪಿಗೆ ಬಂದಾಗ ಫೋಟೋ ತೋರಿಸಲಿಲ್ಲ. ನಾನೇ ಕೇಳಿದೆ. ಮೊದಲ ಈಡು ಒಂದು ಗೇಣು ಹಿಂದಕ್ಕೆ, ಹೊಟ್ಟೆಗೆ ಬಿತ್ತಂತೆ. ಜಾಡು ಹಿಡಿಯುವ ಇಬ್ಬರು ಕಲ್ಲುನೆಲದಲ್ಲಿ ಹನಿ ಹನಿ ರಕ್ತ ಹುಡುಕುತ್ತ ನಡೆದು ಸಿಗುವಷ್ಟರಲ್ಲಿ ನಾಲ್ಕು ಗಂಟೆಯಾಗಿತ್ತು. ಎರಡನೆಯ ಈಡಿಗೆ ಬಿತ್ತು. "ಆ ನಾಲ್ಕು ಗಂಟೆ ಅದಕ್ಕೆ ಹೇಗಿದ್ದಿರಬಹುದು ಡಾಕ್ಟರ್? ನೀವು ಇಂಥವರನ್ನು ನೋಡಿದ್ದೀರಲ್ಲ" ಎಂದು ಕೇಳಿದರು.

ನೋಡಿದ್ದೆ. ಸುತ್ತು ಬಳಸದೆ ಹೇಳಿದೆ. ಅವರು ಅಂಗಿಯ ತೋಳು ಮಡಿಸಿಕೊಂಡು ಕೈ ಮುಂದಕ್ಕೆ ಚಾಚಿದರು, ನಾನು ಪಟ್ಟಿ ಸುತ್ತಿ ಬಿ.ಪಿ. ನೋಡಿದೆ. ಸ್ವಲ್ಪ ಹೆಚ್ಚೇ ಇತ್ತು.