ಸವಾರನ ದರ್ಜೆ: ಒಲಿಂಪಿಕ್ ಅಶ್ವಕ್ರೀಡೆಯಲ್ಲಿ ಅರ್ಹತೆಯ ಚರಿತ್ರೆ

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್ (ಸವಾರನ ಸನ್ನೆಯಂತೆ ಕುದುರೆ ನಿಗದಿತ ನಡೆಗಳನ್ನು ತೋರುವ ಸ್ಪರ್ಧೆ), ಇವೆಂಟಿಂಗ್, ಶೋ ಜಂಪಿಂಗ್ ವಿಭಾಗಗಳು ಮೊದಲ ಬಾರಿಗೆ ಒಟ್ಟಿಗೆ ನಡೆದವು. ಮೂರಕ್ಕೂ ಸೇನೆಯ ನಂಟು ಗಾಢವಾಗಿತ್ತು. ಇವೆಂಟಿಂಗ್ ಅಂತೂ ಸೇನಾ ಕುದುರೆಗೆ ಒಡ್ಡುವ ಪೂರ್ಣ ಪರೀಕ್ಷೆ: ದೂರದ ಓಟ, ಹಳ್ಳ-ಬೇಲಿಗಳ ಜಿಗಿತ, ಅಷ್ಟು ದಣಿದ ಮೇಲೂ ಸವಾರನ ಮಾತು ಕೇಳುವ ಶಿಸ್ತು. ಜಿಗಿಯುವಾಗ ಸವಾರ ಮುಂದಕ್ಕೆ ಬಾಗಿ ಕುದುರೆಯ ಬೆನ್ನಿನ ಭಾರ ಇಳಿಸಬೇಕೆಂದು ತೋರಿಸಿಕೊಟ್ಟ ಫೆಡೆರಿಕೊ ಕಾಪ್ರಿಲ್ಲಿ ಕೂಡ ಇಟಲಿಯ ಅಶ್ವದಳದ ಅಧಿಕಾರಿಯೇ.

ಈ ನಂಟಿನ ಜತೆಗೇ ದರ್ಜೆಯ ಕಟ್ಟಳೆಯೂ ಬಂತು. ಸೇನಾಧಿಕಾರಿಗಳು ಮತ್ತು ಹವ್ಯಾಸಿ ನಾಗರಿಕರು ಸ್ಪರ್ಧಿಸಬಹುದಿತ್ತು. ಅಧಿಕಾರಿಯಲ್ಲದ ಸೈನಿಕನನ್ನು ಮಾತ್ರ ಕೂಲಿಗೆ ಸವಾರಿ ಮಾಡುವವನೆಂದು ಎಣಿಸಿ ಹೊರಗಿಡಲಾಗುತ್ತಿತ್ತು. ಕ್ರೀಡೆಗೂ ಇದಕ್ಕೂ ಸಂಬಂಧವಿರಲಿಲ್ಲ, ಇದು ಶುದ್ಧ ವರ್ಗಭೇದ. 1948ರ ಲಂಡನ್ ಕೂಟದಲ್ಲಿ ಸ್ವೀಡನ್ನಿನ ಡ್ರೆಸಾಜ್ ತಂಡ ಚಿನ್ನ ಗೆದ್ದಿತು. ತಂಡದ ಯೇಹ್ನಾಲ್ ಪೆರ್ಸನ್ ಸಾರ್ಜೆಂಟ್ ಆಗಿದ್ದವರು. ಕೂಟಕ್ಕೆ ಮುನ್ನ ಅವರಿಗೆ ಲೆಫ್ಟಿನೆಂಟ್ ಬಡ್ತಿ ಕೊಟ್ಟು, ಮುಗಿದ ಮೇಲೆ ಹಳೆಯ ದರ್ಜೆಗೇ ಇಳಿಸಿದರು. ಅದು ಬಯಲಾಗಿ 1949ರಲ್ಲಿ ತಂಡ ಅನರ್ಹವಾಯಿತು, ಚಿನ್ನ ಫ್ರಾನ್ಸಿನ ಪಾಲಾಯಿತು. ಕುದುರೆಯಾಗಲಿ ಸವಾರನಾಗಲಿ ಅಂಕಣದಲ್ಲಿ ಯಾವ ತಪ್ಪನ್ನೂ ಮಾಡಿರಲಿಲ್ಲ.

1952ರ ಹೆಲ್ಸಿಂಕಿ ಕೂಟದ ಹೊತ್ತಿಗೆ ಈ ನಿಯಮ ಹೋಗಿತ್ತು. ಪೆರ್ಸನ್, ಸೇಂಟ್ ಸೀರ್, ಬೋಲ್ಟೆನ್‌ಸ್ಟರ್ನ್ ಎಂಬ, 1948ರ ತಂಡದ ಅದೇ ಮೂವರು ಮತ್ತೆ ಚಿನ್ನ ಗೆದ್ದರು. ಡ್ರೆಸಾಜ್ ಮಹಿಳೆಯರಿಗೂ ತೆರೆದದ್ದು ಆ ವರ್ಷವೇ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬಂದರು. 1944ರಲ್ಲಿ ಪೋಲಿಯೊ ತಗುಲಿ ಅವರಿಗೆ ಮೊಣಕಾಲಿನ ಕೆಳಗೆ ಸ್ವಾಧೀನವಿರಲಿಲ್ಲ. ತಡಿಗೆ ಹತ್ತಿಸಲು, ಇಳಿಸಲು ಬೇರೆಯವರು ಬೇಕಿತ್ತು. ಡ್ರೆಸಾಜ್‌ನಲ್ಲಿ ಸವಾರ ಕಾಲಿನಿಂದ ಪಕ್ಕೆಯನ್ನು ಒತ್ತಿ ಕುದುರೆಗೆ ಸನ್ನೆ ಕೊಡುತ್ತಾನೆ. ಆ ಸನ್ನೆಯೇ ಸಾಧ್ಯವಿಲ್ಲದ ಹಾರ್ಟೆಲ್ ತೊಡೆ, ಬೆನ್ನು ಮತ್ತು ಮೈಭಾರದ ಚಲನೆಯಿಂದಲೇ ಜ್ಯೂಬಿಲಿ ಎಂಬ ಕುದುರೆಯನ್ನು ನಡೆಸಿ, ವೈಯಕ್ತಿಕ ವಿಭಾಗದಲ್ಲಿ ಪುರುಷರೊಡನೆ ಸ್ಪರ್ಧಿಸಿ ಬೆಳ್ಳಿ ಪಡೆದರು. 1956ರಲ್ಲಿ ಮತ್ತೊಂದು ಬೆಳ್ಳಿ. ಅಶ್ವಕ್ರೀಡೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಾಧನೆಯನ್ನು ನಾನು ಕಾಣೆ. ಜಂಪಿಂಗ್ 1956ರಲ್ಲಿ, ಇವೆಂಟಿಂಗ್ 1964ರಲ್ಲಿ ಮಹಿಳೆಯರಿಗೆ ತೆರೆದವು.

ಭಾರತದಲ್ಲಿ ಸೇನೆಯ ಹಿಡಿತ ಇನ್ನೂ ಬಹುಕಾಲ ಉಳಿಯಿತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಇವೆಂಟಿಂಗ್‌ನಲ್ಲಿ ಚಿನ್ನ ಗೆದ್ದ ರಘುಬೀರ್ ಸಿಂಗ್ 61ನೇ ಅಶ್ವದಳದವರು. ವೈಯಕ್ತಿಕ ಪದಕ ಮತ್ತೆ ಬಂದದ್ದು 36 ವರ್ಷಗಳ ಬಳಿಕ, 2018ರಲ್ಲಿ. ಬೆಳ್ಳಿ ಗೆದ್ದ ಫವಾದ್ ಮಿರ್ಜಾ ಬೆಂಗಳೂರಿನ ನಾಗರಿಕ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರಿಗೆ 23ನೇ ಸ್ಥಾನ. 2023ರ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ಚಿನ್ನ ಗೆದ್ದ ಡ್ರೆಸಾಜ್ ತಂಡದ ನಾಲ್ವರಲ್ಲಿ ಇಬ್ಬರು ಮಹಿಳೆಯರು. ಈ ಕ್ರೀಡೆಯ ಭಾರತೀಯ ಚರಿತ್ರೆ ಬರೆಯುವವರಿಗೆ ಇನ್ನು ರೆಜಿಮೆಂಟುಗಳ ಕಡತ ಮಾತ್ರ ಸಾಲದು. ಬೆಂಗಳೂರಿನಂಥ ಊರುಗಳ ಸವಾರಿ ಶಾಲೆಗಳಲ್ಲಿರುವ ಕಾಗದಪತ್ರಗಳನ್ನೂ, ಅಲ್ಲಿನ ಹಿರಿಯ ತರಬೇತುದಾರರ ನೆನಪುಗಳನ್ನೂ ಈಗಲೇ ಸಂಗ್ರಹಿಸಬೇಕು.